ಡ್ಯಾಂ ಹೂಳಿಗೆ ಬೈಯುವ ಮುಂಚೆ ನಮ್ಮ ಹಳ್ಳ ನೋಡೋಣ

ತುಂಗಭದ್ರಾ ಡ್ಯಾಂ ಹೂಳಿನ ಬಗ್ಗೆ ಮಾತಾಡದವರು ಸಿರುಗುಪ್ಪ ತಾಲ್ಲೂಕಿನಲ್ಲಿ ಸಿಗುವುದಿಲ್ಲ. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಂ, 2016ರ ಸರ್ವೆ ಪ್ರಕಾರ ಹಿಡಿಯುವುದು 105.78 ಟಿಎಂಸಿ. ಎರಡನೇ ಬೆಳೆಗೆ ನೀರಿಲ್ಲ ಅಂದಾಗಲೆಲ್ಲ ಈ ಲೆಕ್ಕ ಹೊರಗೆ ಬರುತ್ತದೆ. ನಾನೂ ಎಷ್ಟೋ ಸಲ ಸುದ್ದಿಯಲ್ಲಿ ಬರೆದಿದ್ದೇನೆ.

ಆದರೆ ದೇಶನೂರಿನ ಹೊಲದ ಮಣ್ಣು ಆ ಡ್ಯಾಂ ಸೇರುವುದಿಲ್ಲ. ನಾವಿರುವುದು ಡ್ಯಾಂ ಕೆಳಗೆ. ನಮ್ಮ ಹಳ್ಳದ ನೀರು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಶ್ರೀಶೈಲಕ್ಕೆ. ಆ ಡ್ಯಾಂ ಕೂಡ 308 ಟಿಎಂಸಿಯಿಂದ 215ರ ಆಸುಪಾಸಿಗೆ ಇಳಿದಿದೆ. ಅಲ್ಲಿನ ರೈತರು ಮೇಲಿನವರನ್ನು ಬೈದರೆ ಅದರಲ್ಲಿ ನಮ್ಮ ಪಾಲೂ ಇದೆ.

ಎಲ್ಲ ಮಣ್ಣೂ ಅಷ್ಟು ದೂರ ಹೋಗುವುದಿಲ್ಲ, ನಮ್ಮ ತಲೆನೋವು ಅದೇ. ಮಳೆ ಬಂದಾಗ ಒಂದು ಬಾಟಲಿಯಲ್ಲಿ ಹಳ್ಳದ ನೀರು ಹಿಡಿದು ಅಲುಗಾಡಿಸಿ ಇಟ್ಟು ನೋಡಿ. ಮರಳು ನಿಮಿಷದೊಳಗೆ ತಳಕ್ಕೆ ಬೀಳುತ್ತದೆ. ನುಣ್ಣನೆ ಮಣ್ಣು ಕೂರಲು ಕೆಲವು ತಾಸು ಬೇಕು. ಎರೆಮಣ್ಣಿನ ಜಿಗಟು ಮಾತ್ರ ಮರುದಿನ ಬೆಳಿಗ್ಗೆಯೂ ನೀರಲ್ಲೇ ತೇಲುತ್ತಿರುತ್ತದೆ. ಹಳ್ಳದಲ್ಲೂ ಹೀಗೇ. ಜಿಗಟು ನೀರಿನ ಜೊತೆ ಓಡಿಹೋಗುತ್ತದೆ. ದಪ್ಪ ಮಣ್ಣು ನೀರು ನಿಧಾನವಾದ ಕಡೆಯೆಲ್ಲ, ಪೈಪಿನ ಮೋರಿ ಮುಂದೆ, ಬಳ್ಳಾರಿ ಜಾಲಿ ಬೆಳೆದ ತಿರುವಿನಲ್ಲಿ ಕೂತುಬಿಡುತ್ತದೆ. ಮುಂದಿನ ದೊಡ್ಡ ಮಳೆಗೆ ಎದ್ದು ಇನ್ನೊಂದು ಮೋರಿ ತನಕ ಹೋಗಿ ಮತ್ತೆ ಕೂರುತ್ತದೆ. ಈ ವರ್ಷ ನಿಮ್ಮ ಮೋರಿ ಕಟ್ಟಿದ ಮಣ್ಣು ಯಾವುದೋ ಹೊಲ ಬಿಟ್ಟು ನಾಲ್ಕೈದು ವರ್ಷವೇ ಆಗಿರಬಹುದು.

ಅದು ಹೊರಡುವುದು ನಮ್ಮ ಕೈಯಿಂದಲೇ. ಹಿಂಗಾರಿ ಜೋಳ, ಕಡಲೆಗೆ ಅಂತ ಹರಗಿ ಬಿಟ್ಟ ಎರೆ ಹೊಲ ಮಳೆಗಾಲದಲ್ಲಿ ಬೋಳಾಗಿರುತ್ತದೆ. ಎರೆ ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗುವುದು ಕಡಿಮೆ, ಇಳಿಜಾರು ಅಷ್ಟಿಲ್ಲದಿದ್ದರೂ ಹರಿಯುತ್ತದೆ. ಭತ್ತದವರದ್ದು ಬೇರೆ. ಕೇಜ್ ವೀಲ್ ಹೊಡೆದು ಕೆಸರು ಮಾಡಿ, ನಾಟಿಗೆ ನೀರು ಹೆಚ್ಚಾಯಿತು ಅಂತ ಆ ಕೆಸರು ನೀರನ್ನೇ ಬಸಿಗಾಲುವೆಗೆ ಬಿಡುತ್ತೇವೆ. ಒಂದು ದಿನ ತಡೆದರೆ ಬಹಳಷ್ಟು ಮಣ್ಣು ಗದ್ದೆಯಲ್ಲೇ ಕೂರುತ್ತದೆ. ಅದಕ್ಕೆ ಅಂಟಿಕೊಂಡು ಹೋಗುವುದು ನೀವು ದುಡ್ಡು ಕೊಟ್ಟು ಹಾಕಿದ ಡಿಎಪಿ.

ಇನ್ನೊಂದು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಹಳ್ಳದ ಅಂಚಿನ ತನಕ ಟ್ರ್ಯಾಕ್ಟರ್ ಓಡಿಸುತ್ತೇವೆ. ನಮ್ಮ ಮನೆಯ ಹೊಲದಲ್ಲೂ ನಾಲ್ಕು ಸಾಲು ಹೆಚ್ಚು ಸಿಗುತ್ತದೆ ಅಂತ ಗರಿಕೆ ಕಿತ್ತಿದ್ದೆವು. ಎರಡೇ ಮಳೆಗಾಲಕ್ಕೆ ದಂಡೆ ಕುಸಿದು ಆರು ಸಾಲು ಹಳ್ಳಕ್ಕೆ ಹೋಯಿತು.

ಆಮೇಲೆ ಹೂಳೆತ್ತುವ ಕೆಲಸ. ಜೆಸಿಬಿ ಬರುತ್ತದೆ, ಎತ್ತಿದ ಮಣ್ಣನ್ನು ಅದೇ ದಂಡೆ ಮೇಲೆ ಗುಡ್ಡೆ ಹಾಕಿ ಹೋಗುತ್ತದೆ, ಜೊತೆಗೆ ಇದ್ದ ಹುಲ್ಲೂ ಹೋಗಿರುತ್ತದೆ. ಮೊದಲ ಮಳೆಗೆ ಗುಡ್ಡೆ ಮತ್ತೆ ಕಾಲುವೆಯಲ್ಲಿ. ಅದಕ್ಕೆ ಹೂಳೆತ್ತಿದ್ದು ಅನ್ನಬೇಕಾ, ಹೂಳು ಪಕ್ಕಕ್ಕೆ ಇಟ್ಟಿದ್ದು ಅನ್ನಬೇಕಾ? ದೇಶನೂರು ಕಾಲುವೆ ವಿಜಯನಗರದ ಕಾಲದ್ದು ಅಂತ ಹೆಮ್ಮೆ ಪಡುತ್ತೇವೆ. ಹೂಳು ತೆಗೆಯದೆ ಯಾವ ಕಾಲುವೆಯೂ ಇಷ್ಟು ಕಾಲ ಬಾಳುವುದಿಲ್ಲ.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವುದು ತಗ್ಗಿನ ಗದ್ದೆಯವರು. ಬಸಿಗಾಲುವೆ ಹೂಳಿದರೆ ನೀರು ಗದ್ದೆಯಲ್ಲೇ ನಿಲ್ಲುತ್ತದೆ. ನಿಂತ ನೀರು ಅಡಿಯ ಉಪ್ಪನ್ನು ಮೇಲಕ್ಕೆ ತರುತ್ತದೆ, ಬಿಸಿಲಿಗೆ ನೆಲ ಬೆಳ್ಳಗಾಗುತ್ತದೆ. ಚೌಳು ಹಿಡಿದ ಗದ್ದೆಗಳನ್ನು ನಮ್ಮ ತಾಲ್ಲೂಕಿನವರಿಗೆ ಹೊಸದಾಗಿ ತೋರಿಸಬೇಕಿಲ್ಲ. ಮೇಲಿನ ಹೊಲದವರ ಮಣ್ಣು ಹೋಯಿತು, ಕೆಳಗಿನವರ ನೆಲವೇ ಹೋಯಿತು. ಪರಿಹಾರ ಮಾತ್ರ ಇಬ್ಬರಿಗೂ ಇಲ್ಲ.

ಮಣ್ಣು ತಡೆಯುವ ವಿದ್ಯೆ ದೂರದಿಂದ ತರಬೇಕಿಲ್ಲ. ಬಳ್ಳಾರಿಯಲ್ಲೇ 1954ರಿಂದ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರವಿದೆ. ಬದುವಿಗೆ ಲಾವಂಚ ಹಚ್ಚುವುದು, ಇಳಿಜಾರಿಗೆ ಅಡ್ಡ ಉಳುವುದು, ಹಳ್ಳದ ಅಂಚಿಗೆ ಎರಡು ಮೀಟರ್ ಹುಲ್ಲು ಬಿಡುವುದು, ಇದ್ಯಾವುದಕ್ಕೂ ಟೆಂಡರ್ ಬೇಕಿಲ್ಲ. ಟೆಂಡರ್ ಇಲ್ಲ ಅಂತಲೇ ಯಾರೂ ಮುಂದೆ ಬರುತ್ತಿಲ್ಲವೋ ಏನೋ.

ಮುಂದಿನ ಗ್ರಾಮಸಭೆಯಲ್ಲಿ ಹೂಳೆತ್ತುವ ಕೆಲಸ ಓದಿ ಹೇಳಿದಾಗ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಎತ್ತಿದ ಮಣ್ಣು ಎಲ್ಲಿಗೆ ಹೋಗುತ್ತದೆ? ಯಾರ ಹೊಲಕ್ಕೆ, ಎಷ್ಟು ಟ್ರ್ಯಾಕ್ಟರ್ ಅಂತ ಬರೆಸಿ. ಉತ್ತರ ಏನು ಸಿಕ್ಕಿತು ಅಂತ ನನಗೂ ತಿಳಿಸಿ, ಬರೆಯುತ್ತೇನೆ.