ತುಕ್ಕಿಗೆ ಎಣ್ಣೆ ಹಚ್ಚಿದ ಕಥೆ

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ಕಬ್ಬಿಣವೆಂಬುದಕ್ಕೆಲ್ಲ ತುಕ್ಕು ಹಿಡಿಯುತ್ತದೆ. ಇಲ್ಲಿ ನಾಲ್ಕು ಮಳೆಗಾಲ ಕಳೆದ ಕನ್ನಡಿಗನಿಗೆ ಇದನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಅಡಿಗೆಮನೆಯ ತುಕ್ಕಿಗೂ ಕಾರಿನ ಬ್ರೇಕಿಗೆ ಹಿಡಿದ ತುಕ್ಕಿಗೂ ಮದ್ದು ಒಂದೇ ಅಲ್ಲವೆಂಬುದನ್ನು ನಾನು ಕಲಿತದ್ದು ಹೋದ ವರ್ಷದ ಚೌತಿಯ ಹೊತ್ತಿಗೆ. ವಾಚಕರಲ್ಲಿ ಅನೇಕರು ಹಬ್ಬಕ್ಕೆ ಕಾರಿನಲ್ಲಿಯೇ ಊರಿಗೆ ಹೊರಡುವವರಾದ್ದರಿಂದ ಈ ಸಲದ ಬರಹವನ್ನು ಆ ಪಾಠಕ್ಕೇ ಮೀಸಲಿಟ್ಟಿದ್ದೇನೆ.

ನಮ್ಮ ಕಾರು ಹದಿನೈದು ದಿನ ಜಡಿಮಳೆಯಲ್ಲಿ ನಿಂತಲ್ಲೇ ನಿಂತಿತ್ತು. ಮರುದಿನ ನಸುಕಿನಲ್ಲಿ ಧಾರವಾಡಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಸಂಜೆ ಮಳೆ ತುಸು ಬಿಟ್ಟಾಗ ಕಾರು ಒರೆಸೋಣವೆಂದು ಕೆಳಗಿಳಿದೆ. ಊರಿಗೆ ಹೋಗುವ ಹುರುಪಿನಲ್ಲಿದ್ದ ಅವ್ವನೂ ಜೊತೆಗೆ ಬಂದಳು. ಗಾಲಿಯ ಸಂದಿನಿಂದ ನೋಡಿದರೆ, ಯಾವಾಗಲೂ ಥಳಥಳ ಹೊಳೆಯುತ್ತಿದ್ದ ಬ್ರೇಕಿನ ಡಿಸ್ಕು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು.

"ತುಕ್ಕು ಹತ್ತೇದಲ್ಲೋ ತಮ್ಮಾ! ಒಂದಿಷ್ಟು ಕೊಬ್ಬರಿ ಎಣ್ಣಿ ಹಚ್ಚಿ ಒರಸಿಬಿಡು" ಎಂದಳು ಅವ್ವ.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ದೋಸೆಯ ಹಂಚು, ಈಳಿಗೆ, ಬಾಗಿಲ ಚಿಲಕ, ಎಲ್ಲವನ್ನೂ ಅವಳು ಜೀವಮಾನವಿಡೀ ಎಣ್ಣೆಯಿಂದಲೇ ಕಾಪಾಡಿದವಳು. ಬಿ.ಎ. ಓದಿದ ನನಗಾದರೂ ಬೇರೆ ಏನು ಹೊಳೆಯಿತು? ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಮುಂದಿನ ಎಡಗಾಲಿಯ ಡಿಸ್ಕನ್ನು ಚೆನ್ನಾಗಿ ಒರೆಸಿದೆ. ಅಷ್ಟರಲ್ಲಿ ಕತ್ತಲಾಯಿತು. ಬಲಗಾಲಿಯದನ್ನು ಆಮೇಲೆ ನೋಡಿದರಾಯಿತೆಂದುಕೊಂಡು, ಗಾಳಿ ಹಾಕಿಸಿ ಬರಲು ಕಾರು ಹೊರಡಿಸಿದೆ.

ನಮ್ಮ ಕಟ್ಟಡದ ಗೇಟಿನ ಹತ್ತಿರ ಹುಡುಗನೊಬ್ಬ ಚೆಂಡಿನ ಹಿಂದೆ ಓಡಿಬಂದ. ಬ್ರೇಕು ಒತ್ತಿದೆ. ಕಾರು ಎಂದಿನಂತೆ ನಿಲ್ಲಲಿಲ್ಲ, ಬಲಕ್ಕೆ ಎಳೆಯಿತು. ಜೋರಾಗಿ ತುಳಿದಾಗ ಹುಡುಗನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅವನು ನಗುತ್ತ ಚೆಂಡೆತ್ತಿಕೊಂಡು ಹೋದ. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ಗೇಟಿನಲ್ಲಿ ಕಾರು ಓಡುವುದೆಷ್ಟು? ಇದೇ ಸಂಗತಿ ಮರುದಿನ, ಮನೆಮಂದಿಯೆಲ್ಲ ಕುಳಿತಿರುವಾಗ, ಪುಣೆಯ ಆಚೆ ಖಂಬಾಟಕಿ ಘಾಟಿನಲ್ಲಿ ಆಗಿದ್ದರೆ?

ನೇರವಾಗಿ ಗ್ಯಾರೇಜಿಗೆ ಹೋದೆ. ಬಾಗಿಲು ಎಳೆಯುತ್ತಿದ್ದ ಮರಾಠಿ ಮಿಸ್ತ್ರಿ ನನ್ನ ಮಾತು ಕೇಳಿ ತಲೆಗೆ ಕೈಯಿಟ್ಟುಕೊಂಡ. "ಸಾಹೇಬರೇ, ತುಕ್ಕಿದ್ದರೂ ಗಾಡಿ ನಿಲ್ಲುತ್ತಿತ್ತು, ಎಣ್ಣೆಯಿದ್ದರೆ ನಿಲ್ಲುವುದಿಲ್ಲ" ಎಂದ. ಬ್ರೇಕು ತೊಳೆಯುವುದಕ್ಕೆಂದೇ ಬರುವ ದ್ರವವನ್ನು ಸಿಂಪಡಿಸಿ ಡಿಸ್ಕನ್ನು ಶುದ್ಧ ಮಾಡಿದ. ಪ್ಯಾಡು ಎಣ್ಣೆ ಕುಡಿದುಬಿಟ್ಟಿದ್ದರಿಂದ ಅದನ್ನು ತೊಳೆದು ಉಪಯೋಗವಿಲ್ಲವೆಂದು ಹೊಸದು ಹಾಕಿದ. ಎಡ ಬಲ ಎರಡೂ ಸಮನಾಗಿ ಹಿಡಿಯಬೇಕಾದ್ದರಿಂದ ಎರಡೂ ಕಡೆಯವನ್ನು ಬದಲಿಸಬೇಕಾಯಿತು. ನಾಲ್ಕು ಹನಿ ಎಣ್ಣೆ ಇಷ್ಟು ತುಟ್ಟಿಯಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಇನ್ನು ಕಾರಣಕ್ಕೆ ಬರೋಣ. ಗಾಲಿಯ ಜೊತೆಯಲ್ಲೇ ತಿರುಗುವ ದುಂಡು ತಟ್ಟೆಯೇ ಡಿಸ್ಕು. ಬ್ರೇಕು ತುಳಿದಾಗ ಎರಡು ಪ್ಯಾಡುಗಳು ಅದನ್ನು ಎರಡು ಬದಿಯಿಂದ ಇಕ್ಕಳದಂತೆ ಹಿಡಿಯುತ್ತವೆ. ಆ ತಿಕ್ಕಾಟದಲ್ಲಿ ಕಾರಿನ ವೇಗವೆಲ್ಲ ಕಾವಾಗಿ ಮಾರ್ಪಡುತ್ತದೆ. ಕಾವನ್ನು ಬೇಗ ಹರಡುವುದಕ್ಕೂ ಅದುರುವಿಕೆಯನ್ನು ನುಂಗುವುದಕ್ಕೂ ಎರಕದ ಕಬ್ಬಿಣ, ಅಂದರೆ ಬೀಡು, ಬಹಳ ಒಳ್ಳೆಯದು, ಬೆಲೆಯೂ ಕಡಿಮೆ. ಆದ್ದರಿಂದ ಸಾಮಾನ್ಯ ಕಾರುಗಳ ಡಿಸ್ಕು ಬೀಡಿನದೇ. ಮೋಟಾರು ಸೈಕಲ್ಲಿನ ಡಿಸ್ಕು ಬಹುಮಟ್ಟಿಗೆ ತುಕ್ಕು ಹಿಡಿಯದ ಉಕ್ಕಿನದಾದ್ದರಿಂದ ಮಳೆಯಲ್ಲಿಯೂ ಬೆಳ್ಳಗೇ ಇರುತ್ತದೆ. ಅದನ್ನು ನೋಡಿ ಕಾರಿನದು ಕೆಟ್ಟಿತೆಂದು ತಿಳಿಯಬಾರದು. ಡಿಸ್ಕಿನ ಮುಖಕ್ಕೆ ಬಣ್ಣ ಬಳಿಯುವಂತಿಲ್ಲ, ಬಳಿದರೆ ಪ್ಯಾಡು ಹಿಡಿಯುವುದು ಬಣ್ಣವನ್ನು. ಹೀಗೆ ಬೆತ್ತಲೆ ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿದರೆ ಕೆಲವೇ ಗಂಟೆಗಳಲ್ಲಿ ಕೆಂಪು ಪೊರೆ ಕಟ್ಟುತ್ತದೆ. ಮುಂಬಯಿ, ಚೆನ್ನೈಗಳಂಥ ಕಡಲೂರುಗಳಲ್ಲಿ ಗಾಳಿಯ ಉಪ್ಪು ಅದಕ್ಕೆ ಇನ್ನಷ್ಟು ಅವಸರ ಮಾಡುತ್ತದೆ.

ನಮ್ಮ ಹಿರಿಯರಿಗೆ ಈ ನೋಟ ಇರಲಿಲ್ಲವೇಕೆ ಎಂದರೆ, ಅವರ ಕಾಲದ ಬ್ರೇಕು ಡ್ರಮ್ಮಿನೊಳಗೆ ಅಡಗಿತ್ತು. ಇಂಗ್ಲೆಂಡಿನ ಲಾಂಚೆಸ್ಟರ್ 1902ರಲ್ಲಿಯೇ ಡಿಸ್ಕ್ ಬ್ರೇಕಿಗೆ ಪೇಟೆಂಟು ಪಡೆದಿದ್ದ. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದ ಮೇಲೆ ಅದರ ಹೆಸರು ಹಬ್ಬಿತು. ಆದರೆ 2023ರಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಯದು ಹಳೆಯ ಡ್ರಮ್ಮಿನ ಬ್ರೇಕೇ. ಒಳಗೆ ತುಕ್ಕು ಹಿಡಿದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಾಗಾದರೆ ತುಕ್ಕು ಕಂಡಾಗ ಏನು ಮಾಡಬೇಕು? ಬಹುಮಟ್ಟಿಗೆ, ಬ್ರೇಕನ್ನೇ ಬಳಸಬೇಕು. ಮೊದಲು ನಿಂತಲ್ಲೇ ಪೆಡಲನ್ನು ಒಮ್ಮೆ ಒತ್ತಿ ನೋಡಿರಿ, ಗಟ್ಟಿಯಾಗಿರಬೇಕು. ಮೆಲ್ಲನೆ ಹೊರಡಿರಿ. ಅಂಟಿಕೊಂಡ ಪ್ಯಾಡು "ಟಕ್" ಎಂದು ಬಿಡುವ ಸದ್ದಾದರೆ ಗಾಬರಿ ಬೇಡ. ಜನಸಂಚಾರವಿಲ್ಲದ ರಸ್ತೆಯಲ್ಲಿ ಗಂಟೆಗೆ 30-40 ಕಿಲೋಮೀಟರು ವೇಗದಲ್ಲಿ ಹೋಗುತ್ತ, ಹಿಂದೆ ವಾಹನವಿಲ್ಲವೆಂದು ನೋಡಿಕೊಂಡು, ಎಂಟು ಹತ್ತು ಸಲ ಹದವಾಗಿ ಬ್ರೇಕು ಹಾಕಿರಿ. ಮೊದಮೊದಲು ಕರಕರ ಸದ್ದು ಬರುತ್ತದೆ, ಆಮೇಲೆ ಅಡಗುತ್ತದೆ. ಪ್ಯಾಡುಗಳೇ ತುಕ್ಕನ್ನು ಕೆರೆದು ತೆಗೆದಿರುತ್ತವೆ. ಡಿಸ್ಕಿನ ಅಂಚಿನಲ್ಲಿಯೂ ನಡುವಿನ ಗುಬುಟಿನಲ್ಲಿಯೂ ಉಳಿಯುವ ಕೆಂಪು ಬಣ್ಣವನ್ನು ಲೆಕ್ಕಿಸಬೇಡಿರಿ; ಅಲ್ಲಿ ಪ್ಯಾಡು ತಾಗುವುದಿಲ್ಲ. ಇಷ್ಟಕ್ಕೇ ಹೊಸ ಡಿಸ್ಕು ಹಾಕಿಸಬೇಕೆಂದು ಯಾರಾದರೂ ಹೇಳಿದರೆ, ಹಣ ಬಿಚ್ಚುವ ಮೊದಲು ಇನ್ನೊಬ್ಬರಿಗೆ ತೋರಿಸಿರಿ.

ಎಲ್ಲ ತುಕ್ಕೂ ನಿರುಪದ್ರವಿಯೆಂದು ಮಾತ್ರ ನಾನು ಹೇಳುತ್ತಿಲ್ಲ. ಹತ್ತು ಹದಿನೈದು ಕಿಲೋಮೀಟರು ಓಡಿದ ಮೇಲೂ ಸದ್ದು ನಿಲ್ಲದಿದ್ದರೆ, ಡಿಸ್ಕಿನ ಮುಖದಲ್ಲಿ ಸಿಡುಬಿನ ಕಲೆಯಂತೆ ಗುಳಿಗಳು ಕಂಡರೆ, ಬ್ರೇಕು ಹಾಕಿದಾಗ ಪೆಡಲೋ ಸ್ಟೀರಿಂಗೋ ಅದುರಿದರೆ, ಕಾರು ಒಂದು ಬದಿಗೆ ಎಳೆದರೆ, ಇಲ್ಲವೆ ಒಂದೇ ಗಾಲಿ ವಿಪರೀತ ಕಾದರೆ, ಮಿಸ್ತ್ರಿಯ ಬಳಿ ಹೋಗಲೇಬೇಕು. ಡಿಸ್ಕು ಎಷ್ಟು ತೆಳುವಾಗುವ ತನಕ ನಡೆಯುತ್ತದೆಂಬುದನ್ನು ಸಾಮಾನ್ಯವಾಗಿ ಅದರ ಮೇಲೆಯೇ ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ಅಳೆದು ತೋರಿಸೆಂದು ಕೇಳುವುದರಲ್ಲಿ ಸಂಕೋಚ ಬೇಡ.

ತುಕ್ಕು ಕಡಿಮೆಯಾಗಲು ಕೆಲವು ರೂಢಿಗಳಿವೆ. ವಾರಕ್ಕೊಮ್ಮೆಯಾದರೂ ಕಾರನ್ನು ಹತ್ತು ಕಿಲೋಮೀಟರು ಓಡಿಸಿರಿ. ತೊಳೆದ ಕೂಡಲೇ ನಿಲ್ಲಿಸಿಬಿಡದೆ ಒಂದು ಸುತ್ತು ಹೋಗಿ, ನಾಲ್ಕು ಸಲ ಬ್ರೇಕು ಹಾಕಿ ಡಿಸ್ಕನ್ನು ಒಣಗಿಸಿರಿ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಅದು ಬೇಡ. ವಾರಗಟ್ಟಲೆ ಊರಿಗೆ ಹೋಗುವಾಗ ಸಮತಟ್ಟಾದ ನೆಲದಲ್ಲಿ ಕಾರನ್ನು ಗೇರಿನಲ್ಲಿ ನಿಲ್ಲಿಸಿ, ಗಾಲಿಗೆ ಅಡ್ಡಗಲ್ಲು ಕೊಟ್ಟು, ಹ್ಯಾಂಡ್‌ಬ್ರೇಕು ಬಿಟ್ಟಿರಿ. ಇಲ್ಲವಾದರೆ ಹಿಂದಿನ ಬ್ರೇಕು ತುಕ್ಕಿನಿಂದ ಅಂಟಿಕೊಳ್ಳುವುದುಂಟು. ಇಳಿಜಾರಿನಲ್ಲಿ ಮಾತ್ರ ಈ ಉಪಾಯ ಸಲ್ಲದು. ವಿದ್ಯುತ್ ಕಾರು ಕೊಂಡವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ವೇಗವನ್ನು ಬಹುಪಾಲು ಮೋಟಾರೇ ತಗ್ಗಿಸಿ ಬ್ಯಾಟರಿಗೆ ಹಿಂತಿರುಗಿಸುವುದರಿಂದ ಡಿಸ್ಕಿಗೆ ಕೆಲಸವೇ ಕಡಿಮೆ. ಕೆಲಸವಿಲ್ಲದ ಡಿಸ್ಕಿಗೆ ತುಕ್ಕು ಹೆಚ್ಚು.

ಅಂದು ರಾತ್ರಿ ಮನೆಗೆ ಬಂದು ಅವ್ವನಿಗೆ ನಡೆದುದನ್ನೆಲ್ಲ ಹೇಳಿದೆ. ಹುಡುಗನ ಸಂಗತಿ ಕೇಳಿ ಅವಳು ಬಹಳ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ, "ಹಂಗಾದರ ಅದು ಹಂಚಲ್ಲೋ ತಮ್ಮಾ, ಬೀಸುಕಲ್ಲು. ಬೀಸುಕಲ್ಲಿಗೆ ಯಾರರ ಎಣ್ಣಿ ಹಚ್ಚತಾರೇನು?" ಎಂದಳು.

ನಾನು ಇಷ್ಟುದ್ದ ಬರೆದುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಮರುದಿನ ಘಾಟು ದಾಟುವಾಗ ಬ್ರೇಕು ಹಾಕಿದಾಗಲೆಲ್ಲ ಕಾರು ನೆಟ್ಟಗೆ ನಿಂತಿತು. ಸಂಜೆಗೆ ಸುಖವಾಗಿ ಧಾರವಾಡ ಮುಟ್ಟಿದೆವು. ನಿಮ್ಮ ಪ್ರಯಾಣವೂ ಹಾಗೆಯೇ ಆಗಲಿ.