ಗ್ರಾಮಿಗೆ ಎಷ್ಟು ರೂಪಾಯಿ?

ನಮ್ಮ ವಿಜಯಪುರದಲ್ಲಿ ಸೈಕಲ್ ಎಂದರೆ ಕಾಲೇಜಿಗೆ ಬರುವ ವಾಹನ ಮಾತ್ರವಲ್ಲ, ಅದೊಂದು ಆಟ. ಈ ಜಿಲ್ಲೆಯಿಂದ, ಪಕ್ಕದ ಬಾಗಲಕೋಟೆಯಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳು ಅನೇಕರಿದ್ದಾರೆ. ನಮ್ಮ ಕಾಲೇಜಿನಲ್ಲೂ ಬೆಳಿಗ್ಗೆ ಸೊಲ್ಲಾಪುರ ರಸ್ತೆಯಲ್ಲಿ ಅಭ್ಯಾಸ ಮಾಡುವ ಏಳೆಂಟು ಹುಡುಗರಿದ್ದೇವೆ. ಈಚೆಗೆ ನಮ್ಮೊಳಗೆ ಒಂದೇ ಮಾತು: ಯಾರ ಸೈಕಲ್ ಎಷ್ಟು ಹಗುರ? ಕಾರ್ಬನ್ ಫ್ರೇಮ್ ಇದ್ದವನಿಗೆ ಕಾರ್ಬನ್ ಹ್ಯಾಂಡಲ್ ಬೇಕು, ಹ್ಯಾಂಡಲ್ ಬಂದ ಮೇಲೆ ಕಾರ್ಬನ್ ಚಕ್ರ ಬೇಕು. ಒಬ್ಬ ಗೆಳೆಯನ ಮನೆಯಲ್ಲಿ ಚಕ್ರಕ್ಕಾಗಿ ಅವನ ಅಮ್ಮಿಯ ಬಳೆ ಅಡವಿಡುವ ಮಾತು ನಡೆದಿದೆ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಬಳೆ ಅಡವಿಡಬೇಡಿ ಎನ್ನುವುದೇ ನನ್ನ ವಾದ.

ನನ್ನದೂ ಕಾರ್ಬನ್ ಸೈಕಲ್ಲೇ. ಖಾಲಾ ಅವರ ಮಗ ಓಡಿಸಿ ಬಿಟ್ಟದ್ದು, ತೂಕ 9 ಕೆ.ಜಿ. ನನ್ನ ತೂಕ 58 ಕೆ.ಜಿ. ನೀರು, ಬೂಟು, ಬಟ್ಟೆ, ಹೆಲ್ಮೆಟ್ ಸೇರಿ ಇನ್ನು 3. ಅಂದರೆ ನಾನು ತುಳಿಯುವುದು ಒಟ್ಟು 70 ಕೆ.ಜಿ. ಕಷ್ಟಪಟ್ಟು ಸೈಕಲ್ಲಿನಿಂದ 700 ಗ್ರಾಂ ಇಳಿಸಿದೆ ಎನ್ನಿ, ಅದು ಒಟ್ಟು ತೂಕದ ಶೇ. 1 ಮಾತ್ರ. ಅರ್ಧ ಗಂಟೆ ಹಿಡಿಯುವ ಘಾಟಿಯಲ್ಲಿ ಅದರಿಂದ ಉಳಿಯುವ ಸಮಯ ಹೆಚ್ಚೆಂದರೆ 18 ಸೆಕೆಂಡ್. ನಾವು ಓಡಿಸುವುದೋ ಬಯಲುಸೀಮೆಯ ಸಪಾಟು ರಸ್ತೆಯಲ್ಲಿ. ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ಕಾಲಿನ ಶಕ್ತಿಯ ಹೆಚ್ಚಿನ ಪಾಲು ಗಾಳಿಯನ್ನು ಸೀಳಲು ಹೋಗುತ್ತದೆ. ಅಲ್ಲಿ ತೂಕದ ಲೆಕ್ಕ ಬಹಳ ಸಣ್ಣದು. ಮುಕ್ಕಾಲು ಲೀಟರಿನ ಒಂದು ಬಾಟಲಿ ನೀರೇ 750 ಗ್ರಾಂ ತೂಗುತ್ತದೆ ಎನ್ನುವುದನ್ನೂ ನೆನಪಿಡಿ.

ಗಾಳಿಯ ಮಾತು ಎಷ್ಟು ನಿಜ ಎಂಬುದಕ್ಕೆ ಒಂದು ಗಂಟೆಯ ದಾಖಲೆಯ ಕಥೆ ಸಾಕು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಗೆ 49.431 ಕಿ.ಮೀ. ತುಳಿದರು. 1996ರಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಕೈಗಳನ್ನು ಮುಂದಕ್ಕೆ ಚಾಚಿ, ಮೈಯನ್ನು ಗಾಳಿಗೆ ಸಿಗದಂತೆ ಮಲಗಿಸಿ 56.375 ಕಿ.ಮೀ. ಮುಟ್ಟಿದರು. ಅದೇ ಬೋರ್ಡ್‌ಮನ್ 2000ದಲ್ಲಿ ಮರ್ಕ್ಸ್ ಕಾಲದ ರೀತಿಯ ಹ್ಯಾಂಡಲ್, ಕಡ್ಡಿಗಳ ಚಕ್ರ ಇರುವ ಸೈಕಲ್ ಹತ್ತಿದಾಗ ದಾಟಿದ್ದು 49.441 ಕಿ.ಮೀ. ಮರ್ಕ್ಸ್‌ಗಿಂತ ಕೇವಲ 10 ಮೀಟರ್ ಮುಂದೆ! ಏಳು ಕಿ.ಮೀ. ವ್ಯತ್ಯಾಸ ತಂದದ್ದು ಮುಖ್ಯವಾಗಿ ಕೂರುವ ಭಂಗಿ. ಬಾಗಿ ಕೂರುವುದನ್ನು ಕಲಿಯಲು ದುಡ್ಡು ಬೇಕಿಲ್ಲ.

ಹಗುರಕ್ಕೆ ಒಂದು ಗಡಿಯೂ ಇದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಸ್ಪರ್ಧೆಯ ಸೈಕಲ್ 6.8 ಕೆ.ಜಿ.ಗಿಂತ ಕಡಿಮೆ ತೂಗುವಂತಿಲ್ಲ. ಯಂತ್ರಕ್ಕಿಂತ ಮನುಷ್ಯ ಮುಖ್ಯ ಎಂದು ಆ ಒಕ್ಕೂಟ 1996ರ ಲುಗಾನೊ ಸನ್ನದಿನಲ್ಲಿ ಹೇಳಿತ್ತು.

ಈಗ ನಮ್ಮ ವಾಣಿಜ್ಯ ವಿಭಾಗದ ಲೆಕ್ಕಕ್ಕೆ ಬರೋಣ. ನಾನು ವಿಚಾರಿಸಿದಾಗ ಅಂಗಡಿಯಲ್ಲಿ ಹೇಳಿದ ಬೆಲೆಗಳು ಇವು. ಮಾಮೂಲಿ ರಬ್ಬರ್ ಟ್ಯೂಬ್ ತೆಗೆದು ತೆಳು ಪ್ಲಾಸ್ಟಿಕ್ಕಿನ ಟ್ಯೂಬ್ ಹಾಕಿದರೆ ಎರಡಕ್ಕೆ 2,100 ರೂಪಾಯಿ, ಇಳಿಯುವ ತೂಕ 140 ಗ್ರಾಂ, ಅಂದರೆ ಗ್ರಾಮಿಗೆ 15 ರೂಪಾಯಿ. ಕಾರ್ಬನ್ ಹ್ಯಾಂಡಲ್‌ಗೆ 8,800 ರೂಪಾಯಿ, ಇಳಿಯುವುದು 80 ಗ್ರಾಂ, ಗ್ರಾಮಿಗೆ 110. ಕಾರ್ಬನ್ ಚಕ್ರದ ಜೋಡಿಗೆ 60,000, ಇಳಿಯುವುದು 400 ಗ್ರಾಂ, ಗ್ರಾಮಿಗೆ 150. ಅರ್ಥಶಾಸ್ತ್ರದ ತರಗತಿಯಲ್ಲಿ ಸೀಮಾಂತ ತುಷ್ಟಿಗುಣ ಇಳಿಯುತ್ತಾ ಹೋಗುತ್ತದೆ ಎಂದು ಓದುತ್ತೇವಲ್ಲ, ಅದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಪ್ರತಿ ಗ್ರಾಂ ಹಿಂದಿನದಕ್ಕಿಂತ ದುಬಾರಿ, ಆದರೆ ಅದರಿಂದ ಸಿಗುವ ಲಾಭ ಮಾತ್ರ ಅಷ್ಟೇ.

ಜೀವದ ಪ್ರಶ್ನೆಯೂ ಇದೆ. ಉಕ್ಕು ಬಾಗುತ್ತದೆ, ಕಾರ್ಬನ್ ಬಾಗದೆ ಒಮ್ಮೆಲೇ ಮುರಿಯಬಹುದು. ಹ್ಯಾಂಡಲ್ ಹಿಡಿದಿಡುವ ಬೋಲ್ಟ್‌ಗಳನ್ನು ತಯಾರಕರು ಹೇಳಿದಷ್ಟೇ ಬಿಗಿ ಮಾಡಬೇಕು. ಅನೇಕ ಸೈಕಲ್‌ಗಳಲ್ಲಿ ಅದು 5 ನ್ಯೂಟನ್-ಮೀಟರ್ ಆಸುಪಾಸು. ಅದನ್ನು ಅಳೆಯುವ ಟಾರ್ಕ್ ರೆಂಚ್ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಅಂದಾಜಿನಲ್ಲಿ ಪಾನಾ ತಿರುಗಿಸಿ ಕಾರ್ಬನ್‌ನಲ್ಲಿ ಬಿರುಕು ಬಿಟ್ಟರೆ, ಅದು ಗೊತ್ತಾಗುವುದು ಲಾರಿಗಳ ನಡುವೆ ಹೋಗುವಾಗ. ಕಾರ್ಬನ್ ರಿಮ್ ಹಿಡಿಯುವ ಬ್ರೇಕ್ ಇದ್ದರೆ ಅದಕ್ಕೆ ಬೇರೆಯೇ ಪ್ಯಾಡ್ ಬೇಕು.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಮೊದಲು ಬ್ರೇಕ್ ಪ್ಯಾಡ್. ಆಮೇಲೆ ಒಳ್ಳೆಯ ಟೈರ್: ಗಟ್ಟಿಮುಟ್ಟಾದ ಒರಟು ಟೈರಿನ ಬದಲು ರೇಸಿಂಗ್ ಟೈರ್ ಹಾಕಿದರೆ ಜೋಡಿಯಲ್ಲಿ 10 ವ್ಯಾಟ್‌ನಷ್ಟು ಶಕ್ತಿ ಉಳಿಯಬಹುದು. ಇದು ಸಪಾಟು ರಸ್ತೆಯಲ್ಲೂ ಸಿಗುವ ಲಾಭ. ಮೂರನೆಯದು ಚೈನ್. ಸವೆದ ಚೈನನ್ನು ಸಮಯಕ್ಕೆ ಬದಲಿಸದಿದ್ದರೆ ಅದು ಹಿಂದಿನ ಹಲ್ಲುಚಕ್ರಗಳನ್ನೂ ತಿನ್ನುತ್ತದೆ. ಲೆಕ್ಕಶಾಸ್ತ್ರದ ಸವಕಳಿ ಪುಸ್ತಕದಲ್ಲಿದ್ದರೆ, ಇದು ಕೈಗೆ ಮಸಿ ಹತ್ತಿಸುವ ಸವಕಳಿ.

ಹಗುರ ಸೈಕಲ್ ಓಡಿಸುವುದರಲ್ಲಿ ಖುಷಿ ಇಲ್ಲ ಎಂದು ನಾನು ಹೇಳುವುದಿಲ್ಲ. ಘಾಟಿಯ ಸ್ಪರ್ಧೆಯಲ್ಲಿ 18 ಸೆಕೆಂಡ್ ಪದಕವನ್ನೇ ನಿರ್ಧರಿಸಬಹುದು. ಕೈಯಲ್ಲಿ ದುಡ್ಡಿದ್ದವರು ಕೊಳ್ಳಲಿ. ಆದರೆ ಅಬ್ಬಾನ ಸಾಲದ ಮೇಲೆ, ಅಮ್ಮಿಯ ಬಳೆಯ ಮೇಲೆ ಗ್ರಾಂ ಇಳಿಸುವವನ ಸೈಕಲ್ ಹಗುರವಾಗುತ್ತದೆ, ಮನೆ ಭಾರವಾಗುತ್ತದೆ. ಕಾರ್ಬನ್ ಚಕ್ರ ಇಲ್ಲವೆಂದು ಒಳ್ಳೆಯ ಕಾಲಿರುವ ಹುಡುಗ ಆಟವನ್ನೇ ಬಿಟ್ಟರೆ ಅದು ಇನ್ನೂ ದೊಡ್ಡ ನಷ್ಟ.

ಕಾಲೇಜಿಗೆ ನನ್ನದೊಂದು ಮನವಿ. ಕ್ರೀಡಾ ಕೊಠಡಿಯಲ್ಲಿ ಒಂದು ಟಾರ್ಕ್ ರೆಂಚ್, ಚೈನ್ ಸವೆತ ಅಳೆಯುವ ಗೇಜ್, ಗಾಳಿಯ ಒತ್ತಡ ತೋರಿಸುವ ಪಂಪ್ ಇಡಬೇಕು. ಮೂರೂ ಸೇರಿ ಒಂದು ಕಾರ್ಬನ್ ಹ್ಯಾಂಡಲ್‌ನ ಬೆಲೆಯೂ ಆಗಲಾರದು, ಆದರೆ ಎಲ್ಲರ ಸೈಕಲ್ಲಿಗೂ ಉಪಯೋಗ. ಅವುಗಳ ಲೆಕ್ಕದ ಪುಸ್ತಕ ಇಡುವ ಕೆಲಸ ನನಗೆ ಕೊಡಿ, ಸಂತೋಷದಿಂದ ಮಾಡುತ್ತೇನೆ.