ಒಂದು ಗಣಕ, ಎರಡು ವ್ಯವಸ್ಥೆ

ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವ ರೂಢಿ ವಿದ್ಯಾರ್ಥಿಗಳಲ್ಲಿ ಕಾಣಬರುತ್ತಿದೆ. ಇದು ಸ್ವಾಗತಾರ್ಹವೇ ಸರಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಕಾಸು ಕೊಡದೆ ಪಡೆಯಬಹುದು. ಅದರ ಒಳಮರ್ಮವನ್ನು ಬಿಚ್ಚಿ ನೋಡಲೂಬಹುದು. ಪರಶುರಾಂಪುರದಂತಹ ಊರಿನ ವಿದ್ಯಾರ್ಥಿಗೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ದೊರೆಯುವುದು ಕಷ್ಟ. ಕಲಾ ವಿದ್ಯಾರ್ಥಿಗಳಿಗೆ ಇದೇಕೆಂದು ಕೆಲವರು ಕೇಳಿಯಾರು. ನಮ್ಮ ಪ್ರಬಂಧ, ಟಿಪ್ಪಣಿಗಳೂ ಈಗ ಗಣಕದಲ್ಲಿಯೇ ಇರುವುದಲ್ಲವೆ?

ಆದರೆ ಅನೇಕರ ಲಿನಕ್ಸ್ ಡಿಸ್ಕಿನ ಮೂಲೆಯಲ್ಲಿ ನಿದ್ರಿಸುತ್ತಿದೆ. ಕಾರಣ ಸ್ಪಷ್ಟ. ‘ನುಡಿ’ಯಲ್ಲಿ ಬರೆಯಲು ವಿಂಡೋಸ್ ಬೇಕು, ಲಿನಕ್ಸ್ ಕಲಿಯಲು ಎಲ್ಲವನ್ನೂ ಮುಚ್ಚಿ ಯಂತ್ರವನ್ನು ಮತ್ತೆ ಆರಂಭಿಸಬೇಕು. ಮನೆಮಂದಿಯೆಲ್ಲ ಒಂದೇ ಗಣಕವನ್ನು ಬಳಸುವಲ್ಲಿ ಅಷ್ಟು ವ್ಯವಧಾನವೆಲ್ಲಿ?

ಈ ತೊಡಕಿಗೆ ವರ್ಚುವಲ್‌ಬಾಕ್ಸ್, ವಿಎಂವೇರ್ ಮುಂತಾದ ತಂತ್ರಾಂಶಗಳಲ್ಲಿ ಪರಿಹಾರವುಂಟು. ಅವು ಯಂತ್ರದೊಳಗೊಂದು ಕಲ್ಪಿತ ಯಂತ್ರವನ್ನು ನಿರ್ಮಿಸುತ್ತವೆ. ಈ ವಿಚಾರ ಹೊಸದೇನಲ್ಲ, 1972ರಲ್ಲಿಯೇ ಐ.ಬಿ.ಎಂ. ಸಂಸ್ಥೆ ತನ್ನ ದೊಡ್ಡ ಗಣಕಗಳಿಗಾಗಿ ಇಂಥ ವ್ಯವಸ್ಥೆಯನ್ನು ಹೊರತಂದಿತ್ತು. ಡಿಸ್ಕಿನಲ್ಲಿ ಲಿನಕ್ಸ್ ಇರುವ ಪಾರ್ಟಿಷನ್ ಯಾವುದೆಂದು ಸೂಚಿಸುವ ಸಣ್ಣ ಕಡತವೊಂದನ್ನು ಕಲ್ಪಿತ ಯಂತ್ರಕ್ಕೆ ಒದಗಿಸಿದರೆ, ಈಗಾಗಲೇ ಸ್ಥಾಪಿತವಾಗಿರುವ ಲಿನಕ್ಸೇ ವಿಂಡೋಸಿನೊಳಗೆ ತೆರೆದುಕೊಳ್ಳುತ್ತದೆ. ಪುನಃ ಸ್ಥಾಪಿಸುವ ಶ್ರಮವಿಲ್ಲ. ಇಲ್ಲಿ ಬರೆದುದು ಅಲ್ಲಿಯೂ ಇರುತ್ತದೆ.

ಇಷ್ಟಕ್ಕೇ ಮಿತ್ರರು ಆತುರಪಡಬಾರದೆಂದು ನನ್ನ ವಿನಂತಿ. ಒಂದೇ ಶೇಂಗಾ ಹೊಲಕ್ಕೆ ಇಬ್ಬರು ಏಕಕಾಲದಲ್ಲಿ ಕೂರಿಗೆ ಹೂಡಿದರೆ ಬೆಳೆ ಬಂದೀತೆ? ಪಾರ್ಟಿಷನ್ನಿಗೂ ಒಂದು ಕಾಲಕ್ಕೆ ಒಬ್ಬನೇ ಒಡೆಯನಿರಬೇಕು. ಕಲ್ಪಿತ ಯಂತ್ರದ ಲಿನಕ್ಸನ್ನು ಕ್ರಮವಾಗಿ ಮುಚ್ಚದೆ, ಇದ್ದ ಸ್ಥಿತಿಯಲ್ಲಿಯೇ ನಿಲ್ಲಿಸಿಟ್ಟು, ಬಳಿಕ ಅದೇ ಲಿನಕ್ಸನ್ನು ನೇರವಾಗಿ ಆರಂಭಿಸಿದೆವೆನ್ನಿ. ಆಗ ಕಲ್ಪಿತ ಯಂತ್ರದ ನೆನಪಿನಲ್ಲಿ ಒಂದು ಲೆಕ್ಕ, ಡಿಸ್ಕಿನಲ್ಲಿ ಇನ್ನೊಂದು ಲೆಕ್ಕವಾಗುತ್ತದೆ. ಮುಂದೆ ಅದನ್ನು ಎಚ್ಚರಿಸಿದರೆ ಕಡತಗಳು ಕೆಡುವ ಸಂಭವವುಂಟು. ಪಾರ್ಟಿಷನ್ನಿನ ಸಂಖ್ಯೆಯನ್ನು ತಪ್ಪಾಗಿ ಸೂಚಿಸಿದರೆ ವಿಂಡೋಸಿಗೇ ಅಪಾಯ. ವರ್ಷವಿಡೀ ಕೂಡಿಟ್ಟ ಟಿಪ್ಪಣಿಗಳು ಪರೀಕ್ಷೆಯ ಹೊಸ್ತಿಲಲ್ಲಿ ಹೋದರೆ ಗತಿಯೇನು?

ಆದುದರಿಂದ ನನ್ನ ಅಭಿಪ್ರಾಯವಿಷ್ಟೆ: ಹೊಸಬರು ಮೊದಲು, ಕಡತವೊಂದನ್ನೇ ಡಿಸ್ಕನ್ನಾಗಿ ಬಳಸುವ ಪ್ರತ್ಯೇಕ ಲಿನಕ್ಸಿನಲ್ಲಿ ಕೈ ಪಳಗಿಸಿಕೊಳ್ಳಲಿ. ಅದು ಕೆಟ್ಟರೆ ಅಳಿಸಿ ಮತ್ತೆ ಸ್ಥಾಪಿಸಬಹುದು. ಆಮೇಲೆ, ತಮ್ಮ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು, ನಿಜವಾದ ಪಾರ್ಟಿಷನ್ನಿಗೆ ಕೈಹಾಕಲಿ. ಮೆಮೊರಿ 4 ಜಿಬಿ ಮಾತ್ರವಿದ್ದಲ್ಲಿ ಎರಡನ್ನೂ ಒಟ್ಟಿಗೆ ಓಡಿಸುವ ಹಂಬಲ ಬೇಡ. ಕನ್ನಡ ಬರೆಯಲು ಲಿನಕ್ಸಿನಲ್ಲಿಯೂ ಕೆ.ಜಿ.ಪಿ. ಕೀಲಿಮಣೆ ವಿನ್ಯಾಸ ಲಭ್ಯವಿರುವುದರಿಂದ, ಅಲ್ಲಿಯೇ ಬರೆದು ರೂಢಿಸಿಕೊಳ್ಳಬಹುದು.

ಪೂಜ್ಯ ಅಧ್ಯಾಪಕರು ಕಾಲೇಜಿನ ಗಣಕವೊಂದರಲ್ಲಿ ಈ ಪ್ರಯೋಗವನ್ನು ಒಮ್ಮೆ ಮಾಡಿಸಿ ತೋರಿಸಿದರೆ ನಮಗೆ ಮಹದುಪಕಾರವಾದೀತು. ಭಯದಿಂದ ದೂರ ನಿಲ್ಲುವುದೂ ಬೇಡ, ತಿಳಿಯದೆ ಧುಮುಕುವುದೂ ಬೇಡ.